ಬಿಸಿನೆಸ್ ಎರಡು, ಲೆಕ್ಕ ಒಂದೇ: ಬ್ರಿಟನ್ನಿನಲ್ಲಿ ಎರಡನೇ ಸ್ವಂತ ಕೆಲಸ ಶುರು ಮಾಡೋ ಮುಂಚೆ

  

ಇವತ್ತಿನ ಎಪಿಸೋಡ್ ಮುಖ್ಯವಾಗಿ ಬ್ರಿಟನ್ನಿನಲ್ಲಿರೋ ಕನ್ನಡದವರಿಗೆ. ಅಲ್ಲಿಗೆ ಹೋಗೋ ಯೋಚನೆ ಇರೋರು, ಅಣ್ಣನೋ ತಂಗಿಯೋ ಅಲ್ಲಿರೋರು ಕೂಡ ಕೇಳಿ, ಅವರಿಗೆ ಫಾರ್ವರ್ಡ್ ಮಾಡಿ. ವಿಷಯ ಏನಪ್ಪಾ ಅಂದ್ರೆ, ನೀವು ಈಗಾಗಲೇ ಒಂದು ಸ್ವಂತ ಕೆಲಸ ಮಾಡ್ತಿದ್ದೀರಿ. ಅದರ ಜೊತೆಗೆ ಇನ್ನೊಂದು ಶುರು ಮಾಡ್ತೀರಿ. ಆಗ ಟ್ಯಾಕ್ಸ್ ಏನಾಗುತ್ತೆ? ನ್ಯಾಷನಲ್ ಇನ್ಶೂರೆನ್ಸ್ ಏನಾಗುತ್ತೆ?

ಇದನ್ನ ನಾನು ಪುಸ್ತಕ ಓದಿ ಹೇಳ್ತಾ ಇಲ್ಲ. ಹೋದ ತಿಂಗಳು, ಅಂದ್ರೆ 2026ರ ಜನವರಿಯಲ್ಲಿ, ಯುಗಾದಿಗೆ ಊರಿಗೆ ಹೋಗೋಕೆ ಅಂತ ಎತ್ತಿಟ್ಟಿದ್ದ ದುಡ್ಡನ್ನ ಪೂರ್ತಿ ಸರ್ಕಾರಕ್ಕೆ ಕಟ್ಟಿ ಕಲಿತ ಪಾಠ ಇದು. ಹಾಗಾಗಿ ಸ್ವಲ್ಪ ನಾಚಿಕೆಯಿಂದಲೇ ಹೇಳ್ತಾ ಇದ್ದೀನಿ. ಯಾಕಂದ್ರೆ ನಾನು ಶಿವಮೊಗ್ಗದಲ್ಲಿ ಬಿ.ಕಾಂ ಓದಿದವಳು. ಅದೂ ಫಸ್ಟ್ ಕ್ಲಾಸ್.

ನನ್ನ ಕಥೆ ಮೊದಲು ಹೇಳಿಬಿಡ್ತೀನಿ. ನಾನು ರೀಡಿಂಗ್ ಊರಲ್ಲಿದ್ದೀನಿ, ಗಂಡನ ಕೆಲಸದ ವೀಸಾ ಮೇಲೆ ಡಿಪೆಂಡೆಂಟ್ ಆಗಿ ಬಂದವಳು. 2023ರ ಏಪ್ರಿಲ್‌ನಲ್ಲಿ ಮನೆಯಿಂದಲೇ ಆಡಿಯೋ ಎಡಿಟಿಂಗ್ ಶುರು ಮಾಡಿದೆ. ಬೇರೆಯವರ ಪಾಡ್‌ಕಾಸ್ಟ್‌ಗಳಲ್ಲಿ ಕೆಮ್ಮು, ಸೀನು, 'ಆಂ', 'ಊಂ' ಎಲ್ಲ ತೆಗೆಯೋ ಕೆಲಸ. ಸೆಲ್ಫ್ ಎಂಪ್ಲಾಯ್ಡ್ ಅಂತ ರಿಜಿಸ್ಟರ್ ಮಾಡಿಸಿದೆ. ಮೊದಲ ವರ್ಷ ಲಾಭ 5,200 ಪೌಂಡ್. ಟ್ಯಾಕ್ಸ್ ಸೊನ್ನೆ. ಖುಷಿಯೋ ಖುಷಿ.

2024ರ ಯುಗಾದಿಗೆ ನಾಲ್ಕು ಮನೆಗೆ ಹೋಳಿಗೆ ಮಾಡಿಕೊಟ್ಟೆ. ಅಲ್ಲಿಂದ ಶುರುವಾಯ್ತು. ಶನಿವಾರ, ಭಾನುವಾರ ಹೋಳಿಗೆ, ಚಕ್ಕುಲಿ, ಕೋಡುಬಳೆ, ಆಮೇಲೆ ಡಬ್ಬಿ ಊಟ. ಒಂದು ವರ್ಷ ಮುಗಿಯೋ ಹೊತ್ತಿಗೆ ಲೆಕ್ಕ ಹೀಗಿತ್ತು. ಎಡಿಟಿಂಗ್‌ನಿಂದ ಬಂದಿದ್ದು 10,200 ಪೌಂಡ್, ಖರ್ಚು 1,200, ಲಾಭ 9,000. ಅಡುಗೆಯಿಂದ ಬಂದಿದ್ದು 14,500, ಖರ್ಚು 6,500, ಲಾಭ 8,000.

ಬ್ರಿಟನ್ನಿನಲ್ಲಿ ಒಬ್ಬರಿಗೆ ವರ್ಷಕ್ಕೆ 12,570 ಪೌಂಡ್‌ವರೆಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ. ಇದಕ್ಕೆ ಪರ್ಸನಲ್ ಅಲೋವೆನ್ಸ್ ಅಂತಾರೆ. ಈ ಅಂಕಿ 2021ರಿಂದ ಬದಲಾಗಿಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಅಕ್ಕ ಇದ್ದಾರೆ, ಇಲ್ಲಿಗೆ ಬಂದು ಬಹಳ ವರ್ಷ ಆಗಿದೆ. ಅವರನ್ನ ಕೇಳಿದೆ. ಅವರು ಹೇಳಿದ್ದು, "ಪುಟ್ಟಿ, ಒಂದೊಂದಕ್ಕೂ ಮಿತಿ ಬೇರೆ ಬೇರೆ ಕಣೇ. ಎರಡೂ ಹನ್ನೆರಡೂವರೆ ಸಾವಿರದ ಒಳಗೇ ಇದೆಯಲ್ಲ, ಯೋಚನೆ ಮಾಡಬೇಡ."

ನಾನು ಯೋಚನೆ ಮಾಡಲಿಲ್ಲ. ಅಲ್ಲೇ ಎಡವಿದ್ದು.

ಜನವರಿ ಮೂರನೇ ವಾರ ರಿಟರ್ನ್ ತುಂಬೋಕೆ ಕೂತೆ. ಕೊನೆಯ ದಿನ 31. ಎರಡೂ ಬಿಸಿನೆಸ್‌ನ ಅಂಕಿ ಹಾಕಿ ಕೊನೆಯ ಪುಟಕ್ಕೆ ಬಂದ್ರೆ, ಜನವರಿ 31ರೊಳಗೆ ಕಟ್ಟಬೇಕಾದ ಮೊತ್ತ 1,727 ಪೌಂಡ್ 70 ಪೆನ್ಸ್ ಅಂತ ತೋರಿಸ್ತಾ ಇದೆ. ನಾನು ಅಂದುಕೊಂಡಿದ್ದು ಸೊನ್ನೆ! ಏನೋ ತಪ್ಪು ಒತ್ತಿದ್ದೀನಿ ಅಂತ ಮೂರು ಸಲ ಹಿಂದಕ್ಕೆ ಹೋಗಿ ನೋಡಿದೆ. ತಪ್ಪು ಕಂಪ್ಯೂಟರಿಂದಲ್ಲ. ನಂದು.

ಈಗ ಯಾಕೆ ಹಾಗಾಯ್ತು ಅಂತ ನೋಡೋಣ.

ಶಿವಮೊಗ್ಗದಲ್ಲಿ ನಮ್ಮಪ್ಪಂದು ಕಿರಾಣಿ ಅಂಗಡಿ ಇತ್ತು, ಪಕ್ಕದಲ್ಲೇ ಹಿಟ್ಟಿನ ಗಿರಣಿ. ಅಂಗಡಿಗೊಂದು ಖಾತೆ ಪುಸ್ತಕ, ಗಿರಣಿಗೊಂದು ಖಾತೆ ಪುಸ್ತಕ. ಒಂದರ ದುಡ್ಡು ಇನ್ನೊಂದಕ್ಕೆ ಸೇರಿಸ್ತಾ ಇರಲಿಲ್ಲ. ಆದ್ರೆ ರಾತ್ರಿ ಮನೆಗೆ ಬರೋದು ಒಬ್ಬನೇ ಯಜಮಾನ, ಒಂದೇ ಜೇಬು. ಬ್ರಿಟನ್ನಿನ ನಿಯಮವೂ ಇಷ್ಟೇ. ನೀವು ಸೋಲ್ ಟ್ರೇಡರ್ ಆಗಿದ್ರೆ ಕಾನೂನಿನ ಕಣ್ಣಲ್ಲಿ ಬಿಸಿನೆಸ್ ಅಂತ ಬೇರೆ ವ್ಯಕ್ತಿ ಇಲ್ಲ. ಬಿಸಿನೆಸ್ ಅಂದ್ರೆ ನೀವೇ. ಎರಡಿರಲಿ, ನಾಲ್ಕಿರಲಿ, ಟ್ಯಾಕ್ಸ್ ಕಟ್ಟೋ ಮನುಷ್ಯ ಒಬ್ಬನೇ. ಹಾಗಾಗಿ 12,570ರ ಮಿತಿಯೂ ಒಂದೇ.

ನನ್ನ ಲೆಕ್ಕ ಬಿಡಿಸಿ ಹೇಳ್ತೀನಿ, ಫೋನಲ್ಲಿ ಕ್ಯಾಲ್ಕುಲೇಟರ್ ತೆಗೀರಿ. 9,000 ಮತ್ತು 8,000 ಕೂಡಿದ್ರೆ 17,000. ಅದರಲ್ಲಿ 12,570 ಕಳೆದ್ರೆ 4,430. ಇದಕ್ಕೆ ಶೇಕಡಾ 20ರಷ್ಟು ಇನ್‌ಕಮ್ ಟ್ಯಾಕ್ಸ್, ಅಂದ್ರೆ 886 ಪೌಂಡ್. ಇದೇ 4,430ಕ್ಕೆ ಕ್ಲಾಸ್ 4 ನ್ಯಾಷನಲ್ ಇನ್ಶೂರೆನ್ಸ್ ಶೇಕಡಾ 6, ಅದು 265 ಪೌಂಡ್ 80 ಪೆನ್ಸ್. ಎರಡೂ ಸೇರಿ 1,151 ಪೌಂಡ್ 80 ಪೆನ್ಸ್.

ಸರಿ, ಅದು 1,151. ಮತ್ತೆ 1,727 ಎಲ್ಲಿಂದ ಬಂತು? ಇಲ್ಲಿದೆ ಎರಡನೇ ಏಟು. ಅದರ ಹೆಸರು ಪೇಮೆಂಟ್ಸ್ ಆನ್ ಅಕೌಂಟ್. ನಿಮ್ಮ ಸೆಲ್ಫ್ ಅಸೆಸ್‌ಮೆಂಟ್ ಬಿಲ್ 1,000 ಪೌಂಡ್ ಮುಟ್ಟಿದ್ರೆ, ಮುಂದಿನ ವರ್ಷದ ಟ್ಯಾಕ್ಸ್‌ಗೆ ಮುಂಗಡ ಕೊಡಬೇಕು. ಈ ವರ್ಷದ ಬಿಲ್‌ನ ಅರ್ಧ ಜನವರಿ 31ಕ್ಕೆ, ಇನ್ನರ್ಧ ಜುಲೈ 31ಕ್ಕೆ. ನಿಮ್ಮ ಒಟ್ಟು ಟ್ಯಾಕ್ಸ್‌ನಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಸಂಬಳದಲ್ಲೇ ಕಟ್ ಆಗಿದ್ರೆ ಮುಂಗಡ ಬೇಡ. ನನಗೆ ಸಂಬಳವೇ ಇಲ್ಲ. ಹಾಗಾಗಿ 1,151.80ರ ಜೊತೆಗೆ ಅದರ ಅರ್ಧ 575.90 ಸೇರಿ 1,727.70 ಆಯ್ತು. ಜುಲೈ 31ಕ್ಕೆ ಇನ್ನೊಂದು 575.90 ಕಾಯ್ತಾ ಇದೆ.

ಒಂದು ಮಾತು ಗಮನಿಸಿ. ಮುಂಗಡ ಅಂದ್ರೆ ಹೆಚ್ಚುವರಿ ಟ್ಯಾಕ್ಸ್ ಅಲ್ಲ. ಮುಂದಿನ ವರ್ಷದ ಬಿಲ್‌ನಲ್ಲಿ ಅದು ಕಳೆದುಹೋಗುತ್ತೆ. ಆದ್ರೆ ಮೊದಲ ಸಲ ಒಂದೂವರೆ ಪಟ್ಟು ಒಟ್ಟಿಗೇ ಬರೋದ್ರಿಂದ ಎದೆ ಧಸಕ್ ಅನ್ನುತ್ತೆ. ಮುಂದಿನ ವರ್ಷ ನಿಮ್ಮ ಆದಾಯ ನಿಜವಾಗಲೂ ಕಡಿಮೆ ಆಗುತ್ತೆ ಅಂತ ಗೊತ್ತಿದ್ರೆ ಮುಂಗಡ ಕಡಿಮೆ ಮಾಡಿ ಅಂತ ಆನ್‌ಲೈನ್‌ನಲ್ಲೇ ಕೇಳಬಹುದು. ಸುಮ್ಮನೆ ಕಡಿಮೆ ಮಾಡಿಸಿ, ಆಮೇಲೆ ಆದಾಯ ಹೆಚ್ಚಾದ್ರೆ ಬಡ್ಡಿ ಬೀಳುತ್ತೆ. ನಾನು ಕಡಿಮೆ ಮಾಡಿಸಲಿಲ್ಲ. ಟಿಕೆಟ್ ದುಡ್ಡು ತೆಗೆದು ಕಟ್ಟಿದೆ. ಅಮ್ಮನಿಗೆ ಫೋನ್ ಮಾಡಿ ಈ ಯುಗಾದಿಗೆ ಬರೋಕಾಗಲ್ಲ ಅಂದೆ. ಅವಳು ಏನೂ ಅನ್ನಲಿಲ್ಲ. ಅದೇ ಹೆಚ್ಚು ನೋವು.

ಹಾಗಾದ್ರೆ ಆ ಅಕ್ಕ ಸುಳ್ಳು ಹೇಳಿದ್ರಾ? ಇಲ್ಲ. ಇದನ್ನ ಅರ್ಥ ಮಾಡಿಕೊಳ್ಳೋದು ಮುಖ್ಯ. ಅಕ್ಕ ಒಂದು ಕಂಪನಿಯಲ್ಲಿ ಕೆಲಸ ಮಾಡ್ತಾರೆ, ಪಕ್ಕದಲ್ಲಿ ಬಟ್ಟೆ ಹೊಲೀತಾರೆ. ಅವರ ಅಂಕಿ ನಾನು ಹೇಳಲ್ಲ, ಒಂದು ಉದಾಹರಣೆ ತಗೊಳ್ಳೋಣ. ಸಂಬಳ 30,000, ಬಿಸಿನೆಸ್ ಲಾಭ 10,000 ಅಂತಿಟ್ಟುಕೊಳ್ಳಿ. ಸಂಬಳದ ಮೇಲೆ ಕ್ಲಾಸ್ 1 ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯೇ ಕಟ್ ಮಾಡುತ್ತೆ. ಬಿಸಿನೆಸ್ ಲಾಭಕ್ಕೆ ಕ್ಲಾಸ್ 4. ಈ ಎರಡಕ್ಕೂ ಮಿತಿ ನಿಜವಾಗಲೂ ಬೇರೆ ಬೇರೆ. ಲಾಭ 12,570 ದಾಟದಿದ್ರೆ ಕ್ಲಾಸ್ 4 ಸೊನ್ನೆ. ಅಕ್ಕ ಹೇಳಿದ್ದು ಅವರ ಮಟ್ಟಿಗೆ ಸರಿ.

ಆದ್ರೆ ಇನ್‌ಕಮ್ ಟ್ಯಾಕ್ಸ್‌ಗೆ ಆ ಭಾಗ್ಯ ಇಲ್ಲ. ಪರ್ಸನಲ್ ಅಲೋವೆನ್ಸ್ ಸಂಬಳದಲ್ಲೇ ಮುಗಿದು ಹೋಗಿರುತ್ತೆ. ಹಾಗಾಗಿ ಆ 10,000ದ ಪ್ರತಿ ಪೌಂಡಿಗೂ ಶೇಕಡಾ 20, ಅಂದ್ರೆ 2,000 ಪೌಂಡ್ ಟ್ಯಾಕ್ಸ್.

ನೆನಪಿಟ್ಟುಕೊಳ್ಳೋಕೆ ಮೂರು ಸಾಲು. ಇನ್‌ಕಮ್ ಟ್ಯಾಕ್ಸ್‌ಗೆ ಸಂಬಳ, ಬಿಸಿನೆಸ್ ಎಲ್ಲ ಒಂದೇ ಪಾತ್ರೆ. ನ್ಯಾಷನಲ್ ಇನ್ಶೂರೆನ್ಸ್‌ಗೆ ಸಂಬಳ ಒಂದು ಪಾತ್ರೆ, ಬಿಸಿನೆಸ್ ಇನ್ನೊಂದು ಪಾತ್ರೆ. ಆದ್ರೆ ಎರಡು ಬಿಸಿನೆಸ್ ಇದ್ರೆ ಆ ಎರಡೂ ಒಂದೇ ಪಾತ್ರೆಗೆ ಬೀಳುತ್ತೆ.

ದರಗಳನ್ನೂ ಹೇಳಿಬಿಡ್ತೀನಿ. 2025-26ರ ಲೆಕ್ಕದಲ್ಲಿ 12,570ರಿಂದ 50,270ರವರೆಗೆ ಇನ್‌ಕಮ್ ಟ್ಯಾಕ್ಸ್ ಶೇಕಡಾ 20, ಅಲ್ಲಿಂದ 1,25,140ರವರೆಗೆ ಶೇಕಡಾ 40, ಅದರ ಮೇಲೆ 45. ಕ್ಲಾಸ್ 4 ಶೇಕಡಾ 6, 50,270 ದಾಟಿದ ಮೇಲೆ ಶೇಕಡಾ 2. ಸ್ಕಾಟ್ಲೆಂಡ್‌ನಲ್ಲಿರೋರಿಗೆ ಇನ್‌ಕಮ್ ಟ್ಯಾಕ್ಸ್ ದರಗಳು ಬೇರೆ, ನ್ಯಾಷನಲ್ ಇನ್ಶೂರೆನ್ಸ್ ಮಾತ್ರ ಎಲ್ಲರಿಗೂ ಒಂದೇ.

ಈಗ ಎಲ್ಲರೂ ಕೇಳೋ ಪ್ರಶ್ನೆ. ಎರಡನೇ ಬಿಸಿನೆಸ್ ಶುರು ಮಾಡಿದ್ರೆ ಮತ್ತೆ ರಿಜಿಸ್ಟರ್ ಮಾಡಿಸಬೇಕಾ? ಈಗಾಗಲೇ ಸೆಲ್ಫ್ ಎಂಪ್ಲಾಯ್ಡ್ ಅಂತ ರಿಜಿಸ್ಟರ್ ಆಗಿದ್ರೆ ಮತ್ತೊಮ್ಮೆ ಬೇಡ. ನಿಮ್ಮ ಯುಟಿಆರ್ ಸಂಖ್ಯೆ ಒಂದೇ, ರಿಟರ್ನ್ ಒಂದೇ. ಆದ್ರೆ ಆ ರಿಟರ್ನ್ ಒಳಗೆ ಪ್ರತಿ ಬಿಸಿನೆಸ್‌ಗೂ ಸೆಲ್ಫ್ ಎಂಪ್ಲಾಯ್‌ಮೆಂಟ್ ಪುಟಗಳು ಬೇರೆ ಬೇರೆ ತುಂಬಬೇಕು. ನಮ್ಮಪ್ಪನ ಎರಡು ಖಾತೆ ಪುಸ್ತಕ ನೆನಪಿಸಿಕೊಳ್ಳಿ.

ಇದುವರೆಗೆ ರಿಜಿಸ್ಟರ್ ಆಗಿಲ್ಲ, ಇದೇ ಮೊದಲು ಅನ್ನೋರಿಗೆ: ಇಲ್ಲಿ ಟ್ಯಾಕ್ಸ್ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ನಮ್ಮಲ್ಲಿ ಏಪ್ರಿಲ್ 1, ಮಾರ್ಚ್ 31 ಇದ್ದ ಹಾಗಲ್ಲ. ವರ್ಷ ಮುಗಿದ ಮೇಲೆ ಬರೋ ಅಕ್ಟೋಬರ್ 5ರೊಳಗೆ ಎಚ್‌ಎಂಆರ್‌ಸಿಗೆ, ಅಂದ್ರೆ ಅಲ್ಲಿನ ತೆರಿಗೆ ಇಲಾಖೆಗೆ ತಿಳಿಸಬೇಕು. ಆನ್‌ಲೈನ್ ರಿಟರ್ನ್‌ಗೆ ಜನವರಿ 31. ಒಂದು ದಿನ ತಡವಾದ್ರೂ 100 ಪೌಂಡ್ ದಂಡ, ಕಟ್ಟಬೇಕಾದ ಟ್ಯಾಕ್ಸ್ ಸೊನ್ನೆ ಇದ್ರೂ ಸರಿ.

ಎರಡು ಕೆಲಸ ಅಂದ ತಕ್ಷಣ ಎರಡು ಬಿಸಿನೆಸ್ ಅಂತಲೂ ಅಲ್ಲ. ನಾನು ಹೋಳಿಗೆ ಮಾಡ್ತಿದ್ದೆ, ಆಮೇಲೆ ಡಬ್ಬಿ ಊಟ ಸೇರಿಸಿದೆ. ಅದು ಅದೇ ಅಡುಗೆ ಬಿಸಿನೆಸ್ ಬೆಳೆದಿದ್ದು ಅಷ್ಟೇ, ಒಂದೇ ಪುಟ ಸಾಕು. ಆದ್ರೆ ಆಡಿಯೋ ಎಡಿಟಿಂಗ್‌ಗೂ ಹೋಳಿಗೆಗೂ ಸಂಬಂಧ ಇಲ್ಲ. ಗಿರಾಕಿಗಳು ಬೇರೆ, ಕೆಲಸದ ರೀತಿ ಬೇರೆ, ಸಾಮಾನು ಬೇರೆ. ಅದು ಎರಡು ಬಿಸಿನೆಸ್.

ಇದು ಯಾಕೆ ಮುಖ್ಯ? ನಷ್ಟ ಬಂದಾಗ ಗೊತ್ತಾಗುತ್ತೆ. ಎಡಿಟಿಂಗ್‌ನಲ್ಲಿ 20,000 ಲಾಭ, ಅಡುಗೆಯಲ್ಲಿ ಮೊದಲ ವರ್ಷ ಗ್ರೈಂಡರ್, ಫ್ರಿಜ್, ಡಬ್ಬಿ ಅಂತ ಖರ್ಚಾಗಿ 1,500 ನಷ್ಟ ಅಂತಿಟ್ಟುಕೊಳ್ಳಿ. ಆ ನಷ್ಟವನ್ನ ಅದೇ ವರ್ಷದ ನಿಮ್ಮ ಬೇರೆ ಆದಾಯದಲ್ಲಿ ಕಳೀರಿ ಅಂತ ಕೇಳಬಹುದು. ಆಗ ಟ್ಯಾಕ್ಸ್ 18,500ಕ್ಕೆ ಮಾತ್ರ. ಹಾಗೆ ಕೇಳದೆ ಮುಂದಿನ ವರ್ಷಕ್ಕೆ ಒಯ್ದರೆ, ಅದೇ ಅಡುಗೆ ಬಿಸಿನೆಸ್‌ನ ಲಾಭದಲ್ಲಿ ಮಾತ್ರ ಕಳೆಯೋಕೆ ಆಗುತ್ತೆ, ಎಡಿಟಿಂಗ್ ಲಾಭದಲ್ಲಿ ಅಲ್ಲ.

ಇಲ್ಲಿ ಸ್ವಲ್ಪ ತಲೆ ಓಡಿಸಬೇಕು. ನಿಮ್ಮ ಒಟ್ಟು ಆದಾಯ ಈಗಾಗಲೇ 12,570ರ ಒಳಗಿದ್ರೆ, ಈ ವರ್ಷ ನಷ್ಟ ಕಳೆದು ಏನೂ ಉಳಿಯಲ್ಲ, ನಷ್ಟ ಹಾಳಾಗುತ್ತೆ. ಆಗ ಮುಂದಕ್ಕೆ ಒಯ್ಯೋದೇ ಜಾಣತನ. ಇನ್ನೊಂದು, ಲಾಭ ಮಾಡೋ ಉದ್ದೇಶದಿಂದ ನಡೆಸ್ತಿರೋ ಬಿಸಿನೆಸ್‌ನ ನಷ್ಟಕ್ಕೆ ಮಾತ್ರ ಈ ಸೌಲಭ್ಯ. ಹವ್ಯಾಸಕ್ಕೆ ಕ್ಯಾಮೆರಾ ಕೊಂಡು ಇದು ನನ್ನ ಫೋಟೋಗ್ರಫಿ ಬಿಸಿನೆಸ್‌ನ ನಷ್ಟ ಅಂದ್ರೆ ನಡೆಯಲ್ಲ.

ಈಗ 1,000 ಪೌಂಡ್‌ನ ಕಥೆ. ಬಹಳ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಟ್ರೇಡಿಂಗ್ ಅಲೋವೆನ್ಸ್ ಅಂತ ಒಂದಿದೆ. ವರ್ಷಕ್ಕೆ ಸ್ವಂತ ಕೆಲಸದಿಂದ ಬಂದ ದುಡ್ಡು 1,000 ಪೌಂಡ್‌ವರೆಗೆ ಇದ್ರೆ ಅದಕ್ಕೆ ಟ್ಯಾಕ್ಸ್ ಇಲ್ಲ. ಬಂದ ದುಡ್ಡು ಅಂದೆ, ಲಾಭ ಅಲ್ಲ. ಖರ್ಚು ಕಳೆಯೋ ಮುಂಚಿನ ಅಂಕಿ.

ಇದೂ ಒಬ್ಬರಿಗೆ ಒಂದೇ, ಬಿಸಿನೆಸ್‌ಗೆ ಒಂದೊಂದಲ್ಲ. ಮೆಹಂದಿ ಹಾಕಿ 700 ಪೌಂಡ್, ಮಕ್ಕಳಿಗೆ ಟ್ಯೂಷನ್ ಹೇಳಿ 600 ಪೌಂಡ್ ಬಂದ್ರೆ ಒಟ್ಟು 1,300. ಮಿತಿ ದಾಟಿತು, ತಿಳಿಸಬೇಕು. ಆಮೇಲೆ ಲೆಕ್ಕಕ್ಕೆ ಎರಡು ದಾರಿ. ನಿಜವಾದ ಖರ್ಚುಗಳನ್ನ ಕಳೆಯೋದು, ಇಲ್ಲಾ ಖರ್ಚಿನ ಬದಲು ಈ 1,000 ಕಳೆಯೋದು. ಎರಡೂ ಆಗಲ್ಲ. ಹಳೇ ಬಿಸಿನೆಸ್‌ಗೆ ಖರ್ಚು ಕಳೀತೀನಿ, ಹೊಸದಕ್ಕೆ 1,000 ಕಳೀತೀನಿ ಅನ್ನೋ ಹಾಗಿಲ್ಲ. ನನ್ನ ಹತ್ರ 7,700 ಪೌಂಡ್ ಖರ್ಚು ಇತ್ತು, ಅದನ್ನ ಬಿಟ್ಟು 1,000 ಯಾಕೆ ತಗೊಳ್ಳಲಿ? ಆದ್ರೆ ಟ್ಯೂಷನ್ ಥರದ, ಖರ್ಚೇ ಇಲ್ಲದ ಕೆಲಸ ಮಾಡೋರಿಗೆ ಆ 1,000 ಲಾಭ.

ಎರಡು ಬಿಸಿನೆಸ್‌ಗೂ ಸೇರಿದ ಖರ್ಚು ಇರುತ್ತೆ. ಫೋನ್ ಬಿಲ್, ಇಂಟರ್ನೆಟ್. ಅದನ್ನ ಎರಡು ಕಡೆಯೂ ಪೂರ್ತಿ ಬರೀಬೇಡಿ. ನಾನು ಫೋನ್ ಬಿಲ್‌ನ ಅರ್ಧ ಮನೆಗೆ, ಉಳಿದ ಅರ್ಧವನ್ನ ಎರಡು ಬಿಸಿನೆಸ್‌ಗೂ ಹಂಚಿ ಬರೀತೀನಿ. ಹಂಚಿಕೆ ನಿಮ್ಮ ನಿಜವಾದ ಬಳಕೆಗೆ ಹೊಂದಬೇಕು, ಯಾಕೆ ಹಾಗೆ ಹಂಚಿದ್ರಿ ಅಂದ್ರೆ ಉತ್ತರ ಇರಬೇಕು. ಬಿಲ್‌ಗಳನ್ನ ಆ ವರ್ಷದ ಜನವರಿ 31ರ ಗಡುವಿನಿಂದ 5 ವರ್ಷ ಇಟ್ಟುಕೊಳ್ಳಬೇಕು. ಫೋಟೋ ತೆಗೆದು ಎರಡು ಫೋಲ್ಡರ್ ಮಾಡಿ ಹಾಕಿಬಿಡಿ.

ಈಗ ಒಂದು ಒಳ್ಳೆ ಸುದ್ದಿ. ನ್ಯಾಷನಲ್ ಇನ್ಶೂರೆನ್ಸ್ ಅಂದ್ರೆ ಬರೀ ಕಡಿತ ಅಲ್ಲ. ಅಲ್ಲಿನ ಸ್ಟೇಟ್ ಪೆನ್ಷನ್‌ಗೆ ಅದೇ ದಾರಿ. ಪೆನ್ಷನ್ ಸಿಗಬೇಕಾದ್ರೆ ಸಾಮಾನ್ಯವಾಗಿ ಕನಿಷ್ಠ 10 ಅರ್ಹ ವರ್ಷ ಬೇಕು, ಹೊಸ ಪದ್ಧತಿಯಲ್ಲಿ ಪೂರ್ತಿ ಸಿಗೋಕೆ 35 ವರ್ಷ. ಪೂರ್ತಿ ಪೆನ್ಷನ್ 2025-26ರಲ್ಲಿ ವಾರಕ್ಕೆ 230 ಪೌಂಡ್ 25 ಪೆನ್ಸ್.

2024ರ ಏಪ್ರಿಲ್‌ವರೆಗೆ ಸ್ವಂತ ಕೆಲಸದವರಲ್ಲಿ ಬಹಳ ಜನ ಕ್ಲಾಸ್ 2 ಅಂತ ಇನ್ನೊಂದು ಕಟ್ಟಬೇಕಿತ್ತು. ಈಗ ಅದು ಕಡ್ಡಾಯ ಅಲ್ಲ. ಲಾಭ 6,845 ಪೌಂಡ್ ಮುಟ್ಟಿದ್ರೆ, ಇದು 2025-26ರ ಅಂಕಿ, ಕಟ್ಟದಿದ್ರೂ ಕಟ್ಟಿದ ಹಾಗೆ ಲೆಕ್ಕ, ಆ ವರ್ಷ ನಿಮ್ಮ ಖಾತೆಗೆ ಸೇರುತ್ತೆ. ಇಲ್ಲಿ ಎರಡು ಬಿಸಿನೆಸ್ ಕೂಡೋದು ನಿಮಗೆ ಅನುಕೂಲ! ಒಂದರಲ್ಲಿ 4,000, ಇನ್ನೊಂದರಲ್ಲಿ 4,000 ಲಾಭ ಬಂದ್ರೆ ಒಟ್ಟು 8,000. ಟ್ಯಾಕ್ಸ್ ಸೊನ್ನೆ, ಕ್ಲಾಸ್ 4 ಸೊನ್ನೆ, ಆದ್ರೂ ಪೆನ್ಷನ್‌ಗೆ ಒಂದು ವರ್ಷ ಜಮೆ.

ಲಾಭ ಅದಕ್ಕಿಂತ ಕಡಿಮೆ ಇದ್ರೆ ಆ ವರ್ಷ ಖಾಲಿ ಹೋಗಬಹುದು. ಬೇಕಿದ್ರೆ ನಾವಾಗೇ ಕ್ಲಾಸ್ 2 ಕಟ್ಟಬಹುದು. 2025-26ಕ್ಕೆ ವಾರಕ್ಕೆ 3.50 ಪೌಂಡ್, 52 ವಾರಕ್ಕೆ 182. ಇದೇ ಖಾಲಿ ವರ್ಷವನ್ನ ಕ್ಲಾಸ್ 3ರಲ್ಲಿ ತುಂಬಿದ್ರೆ ವಾರಕ್ಕೆ 17.75, ವರ್ಷಕ್ಕೆ 923 ಪೌಂಡ್. ವ್ಯತ್ಯಾಸ ನೋಡಿ. ಸ್ವಂತ ಕೆಲಸ ಮಾಡೋರಿಗೆ ಈ ಅಗ್ಗದ ದಾರಿ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನನ್ನ ಮೊದಲ ವರ್ಷ, ಲಾಭ 5,200 ಇದ್ದಿದ್ದು, ಖಾಲಿ ಇತ್ತು. ಮೊನ್ನೆ ಆನ್‌ಲೈನ್‌ನಲ್ಲಿ ನನ್ನ ನ್ಯಾಷನಲ್ ಇನ್ಶೂರೆನ್ಸ್ ದಾಖಲೆ ತೆಗೆದು ನೋಡಿದಾಗಲೇ ಗೊತ್ತಾಗಿದ್ದು. ನೀವೂ ಇವತ್ತೇ ನೋಡಿ, ಎಚ್‌ಎಂಆರ್‌ಸಿ ಆ್ಯಪ್‌ನಲ್ಲೇ ಸಿಗುತ್ತೆ.

ನಾವೇನು ಇಲ್ಲೇ 10 ವರ್ಷ ಇರ್ತೀವಾ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಊರಿಗೆ ವಾಪಸ್ ಹೋದ್ರೂ ಅರ್ಹತೆ ಇದ್ರೆ ಆ ಪೆನ್ಷನ್ ಭಾರತದಲ್ಲಿ ಸಿಗುತ್ತೆ. ಆದ್ರೆ ಬ್ರಿಟನ್ನಿನಲ್ಲಿರೋರಿಗೆ ವರ್ಷ ವರ್ಷ ಏರೋ ಹಾಗೆ ಭಾರತದಲ್ಲಿರೋರಿಗೆ ಏರಲ್ಲ, ಶುರುವಿನ ಮೊತ್ತದಲ್ಲೇ ನಿಲ್ಲುತ್ತೆ. ಇದನ್ನ ಲೆಕ್ಕದಲ್ಲಿಟ್ಟುಕೊಂಡು ನೀವೇ ತೀರ್ಮಾನ ಮಾಡಿ. ಎರಡೇ ವರ್ಷ ಇದ್ದು ಹೋಗೋರಿಗೆ ಸುಮ್ಮನೆ ಕಟ್ಟಿ ಅಂತ ನಾನು ಹೇಳಲ್ಲ.

ಸ್ವಲ್ಪ ದೊಡ್ಡದಾಗಿ ಬೆಳೆದವರಿಗೆ ಎರಡು ವಿಷಯ. ಒಂದು ವ್ಯಾಟ್. ಹಿಂದಿನ 12 ತಿಂಗಳ ವ್ಯಾಟ್ ವ್ಯಾಪ್ತಿಯ ಮಾರಾಟ 90,000 ಪೌಂಡ್ ದಾಟಿದ್ರೆ ರಿಜಿಸ್ಟರ್ ಆಗಬೇಕು. ಇಲ್ಲೂ ರಿಜಿಸ್ಟರ್ ಆಗೋದು ಮನುಷ್ಯ, ಅಂಗಡಿ ಅಲ್ಲ. ನಿಮ್ಮ ಎಲ್ಲ ಸೋಲ್ ಟ್ರೇಡರ್ ಬಿಸಿನೆಸ್‌ಗಳ ಮಾರಾಟ ಕೂಡಿಸಿ ನೋಡಬೇಕು.

ಇನ್ನೊಂದು ಮೇಕಿಂಗ್ ಟ್ಯಾಕ್ಸ್ ಡಿಜಿಟಲ್. 2026ರ ಏಪ್ರಿಲ್ 6ರಿಂದ ಶುರು. ಸ್ವಂತ ಕೆಲಸ ಮತ್ತು ಮನೆ ಬಾಡಿಗೆಯಿಂದ ಬರೋ ಒಟ್ಟು ದುಡ್ಡು 50,000 ಪೌಂಡ್ ದಾಟಿದವರು ಮೂರು ತಿಂಗಳಿಗೊಮ್ಮೆ ಸಾಫ್ಟ್‌ವೇರ್ ಮೂಲಕ ಲೆಕ್ಕ ಕಳಿಸಬೇಕು. ಇದಕ್ಕೆ ನೋಡೋದು 2024-25ರ ರಿಟರ್ನ್. 2027ರ ಏಪ್ರಿಲ್‌ನಿಂದ ಮಿತಿ 30,000, 2028ರ ಏಪ್ರಿಲ್‌ನಿಂದ 20,000. ಮತ್ತೆ ಹೇಳ್ತೀನಿ, ಇದು ಲಾಭ ಅಲ್ಲ, ಬಂದ ದುಡ್ಡು, ಅದೂ ಎಲ್ಲ ಕೂಡಿಸಿ. ಒಂದರಲ್ಲಿ 32,000, ಇನ್ನೊಂದರಲ್ಲಿ 20,000 ಬಂದಿದ್ರೆ 52,000 ಆಯ್ತು, ಈ ಏಪ್ರಿಲ್‌ಗೇ ನಿಮ್ಮ ಸರದಿ. ಮೂರು ತಿಂಗಳ ಲೆಕ್ಕ ಮಾತ್ರ ಒಂದೊಂದು ಬಿಸಿನೆಸ್‌ಗೂ ಬೇರೆ ಬೇರೆ ಕಳಿಸಬೇಕು. ನನ್ನದು 24,700. ಹೀಗೇ ನಡೆದ್ರೆ 2028ಕ್ಕೆ ನನ್ನ ಸರದಿ.

ಈಗ ನೀವು ಕಳಿಸಿದ ಪ್ರಶ್ನೆಗಳಲ್ಲಿ ಮೂರು.

ಮೊದಲನೇದು, "ಒಂದು ಬಿಸಿನೆಸ್ ಗಂಡನ ಹೆಸರಲ್ಲಿ ಹಾಕಿದ್ರೆ ಆಗಲ್ವಾ? ಆಗ ಮಿತಿ ಎರಡಾಗುತ್ತಲ್ಲ?" ನನಗೂ ಇದೇ ಯೋಚನೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದ್ರೆ ಬಿಸಿನೆಸ್ ನಿಜವಾಗಿ ಯಾರು ನಡೆಸ್ತಾರೋ ಆದಾಯ ಅವರದ್ದು. ಬೆಳಗ್ಗೆ ಐದಕ್ಕೆ ಎದ್ದು ಹೂರಣ ರುಬ್ಬೋದು ನಾನು, ಕಾಗದದಲ್ಲಿ ಅವನ ಹೆಸರು ಬರೆದ ಮಾತ್ರಕ್ಕೆ ಲೆಕ್ಕ ಬದಲಾಗಲ್ಲ. ಜೊತೆಗೆ ಅವರ ವೀಸಾ ಸ್ವಂತ ಕೆಲಸಕ್ಕೆ ಬಿಡುತ್ತಾ ಅನ್ನೋದು ಇನ್ನೂ ದೊಡ್ಡ ಪ್ರಶ್ನೆ.

ಎರಡನೇದು, "ನಾನು ಸ್ಟೂಡೆಂಟ್ ವೀಸಾದಲ್ಲಿದ್ದೀನಿ, ಸಣ್ಣದಾಗಿ ಫ್ರೀಲ್ಯಾನ್ಸ್ ಮಾಡಬಹುದಾ?" ಬೇಡ. ಸ್ಟೂಡೆಂಟ್ ವೀಸಾದಲ್ಲಿ ಸೆಲ್ಫ್ ಎಂಪ್ಲಾಯ್‌ಮೆಂಟ್‌ಗೆ ಅವಕಾಶ ಇಲ್ಲ. ಊಟ ಡೆಲಿವರಿ ಮಾಡೋ ಆ್ಯಪ್‌ಗಳಲ್ಲಿ ಸ್ವಂತ ಕೆಲಸದವರ ಥರ ಓಡೋದೂ ಅದರಲ್ಲೇ ಬರುತ್ತೆ. ಓದು ಮುಗಿಸಿ ಗ್ರಾಜುಯೇಟ್ ವೀಸಾ ಬಂದ ಮೇಲೆ ಮಾಡಬಹುದು. ಬೇರೆ ಯಾವ ವೀಸಾ ಆದ್ರೂ ಮೊದಲು ಅದರ ಷರತ್ತು ಓದಿ, ಆಮೇಲೆ ಗಿರಾಕಿ ಹುಡುಕಿ. ಟ್ಯಾಕ್ಸ್ ತಪ್ಪಾದ್ರೆ ದುಡ್ಡು ಹೋಗುತ್ತೆ, ವೀಸಾ ತಪ್ಪಾದ್ರೆ ಊರೇ ಬಿಡಬೇಕಾಗುತ್ತೆ.

ಮೂರನೇದು, "ಕ್ಯಾಶ್‌ನಲ್ಲಿ, ಆನ್‌ಲೈನ್‌ನಲ್ಲಿ ಸ್ವಲ್ಪ ಮಾರಿದ್ರೆ ಯಾರಿಗೆ ಗೊತ್ತಾಗುತ್ತೆ?" 2024ರ ಜನವರಿಯಿಂದ ಆನ್‌ಲೈನ್ ಮಾರಾಟದ ತಾಣಗಳು, ಡೆಲಿವರಿ ಮತ್ತು ಟ್ಯಾಕ್ಸಿ ಆ್ಯಪ್‌ಗಳು ತಮ್ಮಲ್ಲಿ ಸಂಪಾದಿಸೋರ ಮಾಹಿತಿ ಇಟ್ಟುಕೊಂಡು ಎಚ್‌ಎಂಆರ್‌ಸಿಗೆ ಕೊಡಬೇಕು. ಇದು ಹೊಸ ಟ್ಯಾಕ್ಸ್ ಅಲ್ಲ, ಮನೆಯ ಹಳೇ ಸಾಮಾನು ಮಾರಿದವರು ಹೆದರಬೇಕಾಗಿಲ್ಲ. ಆದ್ರೆ ಬಿಸಿನೆಸ್ ಮಾಡ್ತಾ ಬಚ್ಚಿಡೋಕೆ ಜಾಗ ಕಡಿಮೆ. ಅದಕ್ಕಿಂತ ಹೆಚ್ಚಾಗಿ, ನಾಳೆ ಮನೆ ಸಾಲಕ್ಕೆ ಹೋದಾಗ ನಿಮ್ಮ ಆದಾಯ ತೋರಿಸೋದು ಇದೇ ರಿಟರ್ನ್. ಬಚ್ಚಿಟ್ಟ ದುಡ್ಡಿಗೆ ಬೆಲೆ ಇಲ್ಲ.

ಅಡುಗೆ ಮಾಡಿ ಮಾರೋರಿಗೆ ಒಂದು ಸಣ್ಣ ಮಾತು. ಶುರು ಮಾಡೋಕೆ 28 ದಿನ ಮುಂಚೆ ನಿಮ್ಮ ಊರಿನ ಕೌನ್ಸಿಲ್‌ನಲ್ಲಿ ಫುಡ್ ಬಿಸಿನೆಸ್ ಅಂತ ರಿಜಿಸ್ಟರ್ ಮಾಡಿಸಬೇಕು. ದುಡ್ಡು ಬೇಕಿಲ್ಲ. ಮನೆ ಅಡುಗೆಮನೆಯೇ ಆದ್ರೂ ಬೇಕು.

ಕೊನೆಗೆ, ನಾನು ಈಗ ಏನು ಮಾಡ್ತಿದ್ದೀನಿ ಅಂತ ಹೇಳಿ ಮುಗಿಸ್ತೀನಿ. ಪ್ರತಿ ತಿಂಗಳ ಕೊನೆ ಭಾನುವಾರ, ಪಾತ್ರೆ ತೊಳೆದಾದ ಮೇಲೆ, ಎರಡೂ ಬಿಸಿನೆಸ್‌ನ ಲಾಭ ಕೂಡಿಸ್ತೀನಿ. 12,570 ದಾಟಿದ ಮೇಲೆ ನನ್ನ ಪ್ರತಿ 100 ಪೌಂಡ್ ಲಾಭದಲ್ಲಿ 26 ಪೌಂಡ್ ನನ್ನದಲ್ಲ. 20 ಟ್ಯಾಕ್ಸ್, 6 ನ್ಯಾಷನಲ್ ಇನ್ಶೂರೆನ್ಸ್. ಆದ್ರೆ ಮಿತಿ ದಾಟೋವರೆಗೆ ಕಾಯಲ್ಲ. ಮೊದಲ ತಿಂಗಳಿಂದಲೇ ಲಾಭದ ಶೇಕಡಾ 10 ಬೇರೆ ಸೇವಿಂಗ್ಸ್ ಖಾತೆಗೆ ಹಾಕ್ತೀನಿ. ನನ್ನ 17,000ಕ್ಕೆ ಅದು 1,700, ನನ್ನ ವರ್ಷದ ಬಿಲ್‌ಗೆ ಸಾಕು, ಸ್ವಲ್ಪ ಉಳಿಯುತ್ತೆ. ನಿಮಗೆ ಸಂಬಳವೂ ಇದ್ರೆ 10 ಸಾಲದು, ಮೊದಲ ಪೌಂಡಿಂದಲೇ 20 ಎತ್ತಿಡಿ.

ರಿಟರ್ನ್ ಕೂಡ ಜನವರಿಗೆ ಬಿಡಲ್ಲ. ಏಪ್ರಿಲ್ 6 ಆದ ಮೇಲೆ ಯಾವಾಗ ಬೇಕಾದ್ರೂ ತುಂಬಬಹುದು. ಬೇಗ ತುಂಬಿದ್ರೆ ಬೇಗ ಕಟ್ಟಬೇಕು ಅಂತೇನೂ ಇಲ್ಲ, ಕಟ್ಟೋ ಗಡುವು ಜನವರಿ 31ರೇ. ಹೋದ ವರ್ಷ ಮೇ ತಿಂಗಳಲ್ಲಿ ತುಂಬಿದ್ರೆ ನನಗೆ 1,727 ಪೌಂಡ್ ಕೂಡಿಸೋಕೆ ಎಂಟು ತಿಂಗಳು ಸಿಗ್ತಿತ್ತು. ನಾನು ಕೊಟ್ಟುಕೊಂಡಿದ್ದು ಹತ್ತೇ ದಿನ. ನಿಜವಾದ ತಪ್ಪು ಅದು.

ಆ ಅಕ್ಕನಿಗೂ ಫೋನ್ ಮಾಡಿ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, "ಅಯ್ಯೋ ಪುಟ್ಟಿ, ನನಗೆ ನನ್ನ ಲೆಕ್ಕ ಮಾತ್ರ ಗೊತ್ತಿತ್ತು ಕಣೇ" ಅಂದ್ರು. ಪಾಪ. ನಮ್ಮ ಗುಂಪುಗಳಲ್ಲಿ ಸಿಗೋ ಸಲಹೆ ಎಲ್ಲ ಹೀಗೇ. ಕೊಡೋರ ಮನಸ್ಸು ಒಳ್ಳೇದು, ಆದ್ರೆ ಅದು ಅವರ ಲೆಕ್ಕ. ನಾನು ಹೇಳಿದ್ದನ್ನೂ ಹಾಗೇ ತಗೊಳ್ಳಿ. ನಿಮ್ಮ ಅಂಕಿಗಳನ್ನ ನೀವೇ ಹಾಕಿ ನೋಡಿ, ಗೊಂದಲ ಇದ್ರೆ ಅಕೌಂಟೆಂಟ್ ಹತ್ರ ಒಂದು ಗಂಟೆ ಕೂತ್ಕೊಳ್ಳಿ.

ಯುಗಾದಿಗೆ ಊರಿಗೆ ಹೋಗ್ತಾ ಇಲ್ಲ. ದೀಪಾವಳಿಗೆ ಹೋಗ್ತೀನಿ. ಆ ದುಡ್ಡನ್ನೂ ಬೇರೆ ಖಾತೆಯಲ್ಲೇ ಇಡ್ತಿದ್ದೀನಿ, ಟ್ಯಾಕ್ಸ್ ದುಡ್ಡಿನ ಜೊತೆ ಸೇರಿಸಿಲ್ಲ.

ನಿಮ್ಮ ಎರಡನೇ ಬಿಸಿನೆಸ್ ಯಾವುದು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.